ಅಂಬೆಯ ಮಾತು ಕತ್ತರಿಸಬೇಡಿ: ಆಟ ಆಡಿಸುವವರಿಗೊಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ವಾರ್ಷಿಕೋತ್ಸವ ಸಮಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ, ಯಕ್ಷಗಾನ ಮೇಳಗಳ ಯಜಮಾನರಿಗೆ ಮತ್ತು ಸಂಚಾಲಕರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮೂಲ್ಕಿ ಕಡೆಯವಳು. ಹಗಲು ಒಂದು ಸೊಸೈಟಿಯಲ್ಲಿ ಕ್ಲಾರ್ಕ್ ಕೆಲಸ, ಸಂಜೆಯಾದರೆ ಯಕ್ಷಗಾನ. 11 ವರ್ಷದಿಂದ ನಮ್ಮೂರಿನ ಹೆಂಗಸರ ತಂಡದಲ್ಲಿ ವೇಷ ಮಾಡುತ್ತಿದ್ದೇನೆ. ಮೊದಲು ಹುಡುಗ ವೀರರ ಪುಂಡುವೇಷ, ಈಗೀಗ ಸ್ತ್ರೀವೇಷ ಜಾಸ್ತಿ. ಹೆಂಗಸರ ಆಟಕ್ಕೆ ಸಮಯವನ್ನೂ ಮರ್ಯಾದೆಯನ್ನೂ ಕೊಡುತ್ತಿಲ್ಲ ಎಂಬುದನ್ನು ಯಾರಾದರೊಬ್ಬರ ಮನೆಗೆ ಹೋಗಿ ಹೇಳಬಹುದಿತ್ತು. ಹೇಳಿಯೂ ಆಗಿದೆ, ಒಂದಲ್ಲ ಮೂರು ಸಲ. "ಆಯ್ತು ನೋಡುವ" ಎಂದರು, ಅಲ್ಲಿಗೆ ಮುಗಿಯಿತು. ಒಂದು ಸಮಿತಿಯ ಹೆಸರು ಹಿಡಿದು ದೂರುವುದು ನನಗೆ ಬೇಡ, ಯಾಕೆಂದರೆ ಇದು ಒಂದು ಊರಿನ ಕಥೆ ಅಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಆ ದಿನ ಆದದ್ದನ್ನು ಮೊದಲು ಹೇಳುತ್ತೇನೆ.

ಒಂದು ವಾರ್ಷಿಕೋತ್ಸವ. ಶಾಲೆಯ ಮೈದಾನದಲ್ಲಿ ರಂಗಸ್ಥಳ. ನಮ್ಮ ಪ್ರಸಂಗ ಭೀಷ್ಮ ವಿಜಯ, ನನ್ನದು ಅಂಬೆ. 6:30ಕ್ಕೆ ಆಟ ಶುರು ಎಂದು ತಿಂಗಳ ಮುಂಚೆಯೇ ಮಾತಾಗಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರು, ಹುದ್ದೆ, ಪಕ್ಷದ ಸ್ಥಾನಮಾನ ಎಲ್ಲ ದೊಡ್ಡ ಅಕ್ಷರದಲ್ಲಿ ಇತ್ತು. ಕೊನೆಯ ಸಾಲಿನಲ್ಲಿ "ಮಹಿಳೆಯರಿಂದ ಯಕ್ಷಗಾನ". ಅಷ್ಟೇ. ಪ್ರಸಂಗದ ಹೆಸರೂ ಇಲ್ಲ, ಪದ್ಯ ಹಾಡಿ ಆಟ ನಡೆಸುವ ಭಾಗವತರ ಹೆಸರೂ ಇಲ್ಲ.

ಸಭೆ ಮುಗಿಯುವಾಗ 8:20. ಅಷ್ಟು ಹೊತ್ತೂ ನಾವು ವೇಷ ಕಟ್ಟುವ ಕೋಣೆಯಾದ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು, ಗೆಜ್ಜೆ ಕಟ್ಟಿಕೊಂಡು ಕೂತಿದ್ದೆವು. ಮೈಕಿನಲ್ಲಿ ಹೇಳಿದ್ದೆಲ್ಲ ಕೇಳುತ್ತಿತ್ತು. ಒಬ್ಬರು ಸ್ತ್ರೀಶಕ್ತಿಯ ಬಗ್ಗೆ ಮಾತಾಡಿದರು. ಇನ್ನೊಬ್ಬರು ಬರುವ ಚುನಾವಣೆಯ ಬಗ್ಗೆ ಮಾತಾಡಿದರು. ಆಮೇಲೆ ಸನ್ಮಾನ, ಶಾಲು, ಹಾರ, ಫೋಟೋ. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಉಂಟು, ಅದು ಸಮಿತಿಯವರಿಗೂ ಗೊತ್ತು, ಭಾಷಣ ಮಾಡಿದವರಿಗೂ ಗೊತ್ತು. ಮೂರೂವರೆ ಗಂಟೆಯ ಆಟಕ್ಕೆ ಉಳಿದದ್ದು ಒಂದು ಗಂಟೆ 40 ನಿಮಿಷ.

ಆಗ ಸಮಿತಿಯ ಒಬ್ಬರು ಚೌಕಿಗೆ ಬಂದು ಹೇಳಿದರು: "ಹಾಸ್ಯ ಬಿಡಬೇಡಿ, ಜನ ಕಾಯ್ತಾ ಇದ್ದಾರೆ. ಪರಶುರಾಮನ ಯುದ್ಧವೂ ಇರಲಿ. ಅಂಬೆಯ ಮಾತು ಸ್ವಲ್ಪ ಕಡಿಮೆ ಮಾಡಿ ಆಯ್ತಾ?"

ಭೀಷ್ಮ ವಿಜಯದಿಂದ ಅಂಬೆಯ ಮಾತು ತೆಗೆದರೆ ಉಳಿಯುವುದು ಏನು ಹೇಳಿ? ಅಂಬೆಯನ್ನು ಸಾಲ್ವನ ಊರಿಗೆ ಕರೆದುಕೊಂಡು ಹೋಗುವ ಮುದಿ ಬ್ರಾಹ್ಮಣನ ಹಾಸ್ಯ ನನಗೂ ಇಷ್ಟ. ನಮ್ಮ ತಂಡದಲ್ಲಿ ಆ ಪಾತ್ರ ಮಾಡುವವರು ಬಾಗಿದ ಬೆನ್ನಿನಲ್ಲಿ ರಂಗಸ್ಥಳಕ್ಕೆ ಬಂದರೆ ಮಕ್ಕಳೆಲ್ಲ ಎದುರಿನ ಸಾಲಿಗೆ ಓಡಿ ಬರುತ್ತಾರೆ. ಆದರೆ ಆ ಬ್ರಾಹ್ಮಣ ಕರೆದುಕೊಂಡು ಹೋಗುವುದು ಯಾರನ್ನು? ಸ್ವಯಂವರದಿಂದ ರಥಕ್ಕೆ ಎಳೆದು ಹಾಕಿಸಿಕೊಂಡ ಹುಡುಗಿಯನ್ನು. ಮನಸ್ಸು ಕೊಟ್ಟ ಸಾಲ್ವ, ಬೇರೆಯವನು ಗೆದ್ದ ಹೆಣ್ಣು ನನಗೆ ಬೇಡ ಎನ್ನುತ್ತಾನೆ. ಗೆದ್ದ ಭೀಷ್ಮ, ನನಗೆ ಪ್ರತಿಜ್ಞೆ ಉಂಟು ಎನ್ನುತ್ತಾನೆ. ಇಬ್ಬರ ಹತ್ತಿರವೂ ಧರ್ಮ ಉಂಟು, ಇಬ್ಬರ ಹತ್ತಿರವೂ ಕಾರಣ ಉಂಟು. ಇವಳಿಗೆ ಹೋಗಲು ಮನೆ ಇಲ್ಲ. ಇರುವುದು ಒಂದೇ, ಮಾತು. ಆ ಮಾತಿನ ಬಲದಲ್ಲೇ ಅವಳು ಪರಶುರಾಮನ ಹತ್ತಿರ ಹೋಗುತ್ತಾಳೆ, ಆ ಮಾತಿನಿಂದಲೇ ಯುದ್ಧ ಹುಟ್ಟುತ್ತದೆ. ಮಾತು ತೆಗೆದು ಯುದ್ಧ ಇಟ್ಟರೆ ಇಬ್ಬರು ಸುಮ್ನೆ ಕುಣಿದ ಹಾಗೆ ಕಾಣುತ್ತದೆ.

ನಮ್ಮ ಭೀಷ್ಮನ ಬಗ್ಗೆ ಎರಡು ಮಾತು ಹೇಳಬೇಕು. ಅವರು ನನಗಿಂತ 14 ವರ್ಷ ದೊಡ್ಡವರು, ನಾವು ಅಕ್ಕ ಎನ್ನುತ್ತೇವೆ. ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ಬೀಡಿಯ ತಡ್ಪೆ (ಮೊರ), ಎದುರಿಗೆ ಗೋಡೆಗೆ ಅಂಟಿಸಿದ ಪದ್ಯದ ಹಾಳೆ. ಎಲೆ ಕತ್ತರಿಸುತ್ತಾ, ಸುತ್ತುತ್ತಾ, ನೂಲು ಕಟ್ಟುತ್ತಾ ಭೀಷ್ಮನ ಅರ್ಥ, ಎಂದರೆ ಅವನ ಮಾತು, ಬಾಯಿಪಾಠ ಮಾಡಿದವರು. ಮೊದಲ ಟ್ರಯಲ್‌ನಲ್ಲಿ ನಾನು ಅಂಬೆಯಾಗಿ ಅವರ ಎದುರು ನಿಂತು, "ಮೂರು ಜನ ಅಕ್ಕತಂಗಿಯರನ್ನು ರಥಕ್ಕೆ ಹತ್ತಿಸುವಾಗ ಒಬ್ಬಳ ಹತ್ತಿರವಾದರೂ ಕೇಳಿದಿರಾ?" ಎಂದೆ. ಅಕ್ಕನಿಗೆ ಮುಂದಿನ ಮಾತು ಬರಲಿಲ್ಲ. ಮರೆತದ್ದಲ್ಲ. ಚಂಡೆಯವರು ಕೋಲು ಎತ್ತಿಕೊಂಡು ಕಾಯುತ್ತಿದ್ದರು, ಭಾಗವತರು ಮುಖ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ, "ನನ್ನ ಮದುವೆಗೂ ಯಾರೂ ಕೇಳಿರಲಿಲ್ಲ ಮಾರಾಯ್ತಿ, ಈಗ ಭೀಷ್ಮನಾಗಿ ನಾನು ಎಂತ ಉತ್ತರ ಕೊಡುವುದು?" ಎಂದರು. ಆಮೇಲೆ ಆ ಉತ್ತರವನ್ನು ಅವರೇ ಹುಡುಕಿದರು. ಅವರ ಭೀಷ್ಮ ಈಗ ಗರ್ಜಿಸುವುದಿಲ್ಲ. ಅಂಬೆಯ ಕಣ್ಣು ತಪ್ಪಿಸಿ ಮಾತಾಡುತ್ತಾನೆ. ಪ್ರತಿಜ್ಞೆ ಎಂಬ ಶಬ್ದ ಬಂದಾಗ ಸ್ವರ ಸಣ್ಣದಾಗುತ್ತದೆ. ನಾನು ಎಷ್ಟೋ ದೊಡ್ಡ ಕಲಾವಿದರ ಭೀಷ್ಮನನ್ನು ನೋಡಿದ್ದೇನೆ, ಈ ಭೀಷ್ಮನನ್ನು ಬೇರೆಲ್ಲೂ ಕಂಡಿಲ್ಲ.

ಆ ರಾತ್ರಿ ಆ ಮೈದಾನದಲ್ಲಿ ಅದು ಆಗಲಿಲ್ಲ. ಸಮಯವಿರಲಿಲ್ಲ. ನಾನು ನಾಲ್ಕು ವಾಕ್ಯ ಮಾತ್ರ ಹೇಳಿದೆ: "ಗೆದ್ದವರೂ ನೀವೇ, ಬೇಡವೆಂದವರೂ ನೀವೇ. ನ್ಯಾಯ ಹೇಳುವ ಸಭೆಯೂ ನಿಮ್ಮದೇ. ಆ ಸಭೆಯಲ್ಲಿ ನನಗೊಂದು ಮಣೆ ಉಂಟಾ? ಇಲ್ಲದಿದ್ದರೆ ನಾನು ಯಾರ ಹತ್ತಿರ ಕೇಳಲಿ?" ಆಟ ಮುಗಿದು ಬಣ್ಣ ತೆಗೆಯುವಾಗ ಅದೇ ಸಮಿತಿಯವರು ಬಂದರು. ಬೈಯಲಿಲ್ಲ, ಮೆತ್ತಗೆ ಹೇಳಿದರು: "ಚಂದ ಆಯ್ತು. ಆದರೆ ಆ ರಾಜಕೀಯ ಎಲ್ಲ ಬೇಡಿತ್ತು."

ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಅದೇ ರಂಗಸ್ಥಳದಲ್ಲಿ, ಅದೇ ಮೈಕಿನಲ್ಲಿ, ಎರಡು ಗಂಟೆ ಮೊದಲು ನಿಜವಾದ ರಾಜಕೀಯ ಭಾಷಣ ಆಗಿತ್ತು. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಅಂಬೆ ಸಭೆಯಲ್ಲಿ ಜಾಗ ಕೇಳಿದರೆ ಮಾತ್ರ ರಾಜಕೀಯ ಆಗುವುದು ಹೇಗೆ?

ಯಕ್ಷಗಾನದಲ್ಲಿ ಪದ್ಯ ಕವಿಯದು, ಅರ್ಥ ಕಲಾವಿದನದು. ಭಾಗವತರು ಹಾಡಿದ್ದನ್ನು ಆ ಹೊತ್ತಿನಲ್ಲಿ, ಆ ಜನರ ಎದುರು, ಸ್ವಂತ ಮಾತಿನಲ್ಲಿ ಬಿಡಿಸಿ ಹೇಳುವುದೇ ಅರ್ಥಗಾರಿಕೆ. ಅದು ಮೊದಲಿನಿಂದಲೂ ಪ್ರಶ್ನೆ ಕೇಳುವ ಕಲೆ. ವಾಲಿ ಸಾಯುವಾಗ ರಾಮನ ಹತ್ತಿರ ಕೇಳುವ ಪ್ರಶ್ನೆಗೆ ನಮ್ಮ ಹಿರಿಯರು ನಿದ್ದೆಗೆಟ್ಟು ಕೂರುತ್ತಿದ್ದರು, ಅಲ್ವಾ? ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ ಇವತ್ತಿಗೂ ಜನರ ಬಾಯಲ್ಲಿ ಉಂಟು. ಅವರದೇ ಬಪ್ಪ ಬ್ಯಾರಿಯನ್ನು ನಮ್ಮ ಮೂಲ್ಕಿಯವರು ಮರೆಯಲು ಸಾಧ್ಯವೇ ಇಲ್ಲ. ಬಪ್ಪನಾಡಿನ ದುರ್ಗಾಪರಮೇಶ್ವರಿಯ ಕಥೆಯಲ್ಲಿ ಒಬ್ಬ ಮುಸ್ಲಿಂ ವ್ಯಾಪಾರಿ ದೇವಿಯ ಗುಡಿಗೆ ಕಾರಣನಾಗುತ್ತಾನೆ, ಆ ಪಾತ್ರವನ್ನು ಶೇಣಿಯವರು ಅಷ್ಟು ಗೌರವದಿಂದ ಕಟ್ಟಿಕೊಟ್ಟರು. ತುಳು ಪ್ರಸಂಗಗಳು ಬಂದ ಮೇಲೆ ತುಳುನಾಡಿನ ಜನಪದ ಕಥೆಗಳ ಕೋಟಿ ಚೆನ್ನಯರು, ದೇಯಿ ಬೈದೆತಿ, ಸಿರಿ ರಂಗಸ್ಥಳ ಹತ್ತಿದರು. ಪುರಾಣದ ರಾಜರ ಜಾಗದಲ್ಲಿ ನಮ್ಮ ಊರಿನ, ನಮ್ಮ ಜಾತಿಯ ಮನುಷ್ಯರು ಬಂದು ನಿಂತರು. ಇದೆಲ್ಲ ಸಮಾಜದ ಮಾತೇ. ಇದನ್ನೆಲ್ಲ ಆಡಿಸಿದವರೂ ನಿಮ್ಮ ಹಿರಿಯರೇ. ಹಾಗಿರುವಾಗ ಹೆಂಗಸು ಹೆಂಗಸಿನ ಪಾತ್ರದಲ್ಲಿ ನಿಂತು ತನ್ನ ಅರ್ಥ ಹೇಳಿದರೆ ಹೆದರಿಕೆ ಯಾಕೆ?

ಇನ್ನು ಚೌಕಿಯ ವಿಷಯ. ಇದನ್ನು ಬರೆಯಲು ನನಗೆ ನಾಚಿಕೆ ಇತ್ತು, ಆದರೂ ಬರೆಯುತ್ತೇನೆ, ಯಾಕೆಂದರೆ ನಾವು ಯಾರೂ ಹೇಳದ ಕಾರಣಕ್ಕೇ ಇದು ಹೀಗೆ ಉಳಿದಿದೆ.

ಆ ದಿನ ನಮಗೆ ಕೊಟ್ಟದ್ದು 7ನೇ ತರಗತಿಯ ಕೋಣೆ. ಬಾಗಿಲಿಗೆ ಚಿಲಕ ಇರಲಿಲ್ಲ, ಬೆಂಚು ಅಡ್ಡ ಇಟ್ಟೆವು. ಎರಡು ಕಿಟಕಿಗೆ ಬಾಗಿಲೇ ಇರಲಿಲ್ಲ. ಇಬ್ಬರು ಹುಡುಗಿಯರು ಒಂದು ಸೀರೆಯ ಎರಡು ತುದಿ ಹಿಡಿದು ಕಿಟಕಿಗೆ ಅಡ್ಡ ನಿಂತರು, ಉಳಿದವರು ಬಟ್ಟೆ ಬದಲಿಸಿದೆವು. ಆ ಇಬ್ಬರಲ್ಲಿ ಒಬ್ಬಳು 9ನೇ ಕ್ಲಾಸಿನವಳು, ಪೂರ್ವರಂಗದ ಬಾಲಗೋಪಾಲ ವೇಷ ಅವಳದ್ದು. ಕೈ ನೋಯುತ್ತದೆ ಎಂದು ಅವಳು ಸೀರೆ ಸ್ವಲ್ಪ ಇಳಿಸಿದಾಗ ಹೊರಗೆ ಮೊಬೈಲಿನ ಬೆಳಕು ಕಂಡಿತು. ಕೂಗಿದೆವು, ಬೆಳಕು ಆರಿತು, ಓಡಿದ ಸದ್ದು ಕೇಳಿತು. ಯಾರೆಂದು ಗೊತ್ತಿಲ್ಲ. ಆ ಮಗು ಅಂದು ರಂಗಸ್ಥಳಕ್ಕೆ ಹೋಗಿ ಕುಣಿಯಿತು. ಆದರೆ ಮುಂದಿನ ವಾರದಿಂದ ಯಕ್ಷಗಾನ ತರಗತಿಗೆ ಬರಲಿಲ್ಲ. ಅವಳ ಅಮ್ಮ ನನಗೆ ಫೋನ್ ಮಾಡಿ, "ನೀವೆಲ್ಲ ಒಳ್ಳೆಯವರೇ, ಆದರೆ ಬೇಡ ಬಿಡಿ" ಎಂದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಶೌಚಾಲಯ ಮೈದಾನದ ಆಚೆ ತುದಿಯಲ್ಲಿ, ಬೀಗ ಹಾಕಿತ್ತು. ಬೀಗದ ಕೈ ಯಾರ ಹತ್ತಿರ ಎಂದು ಯಾರಿಗೂ ಗೊತ್ತಿರಲಿಲ್ಲ. ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಬಿಗಿದು ಕಟ್ಟಿದ ಮೇಲೆ ಮತ್ತೆ ಬಿಚ್ಚಿ ಹೋಗಿ ಬರುವ ಹಾಗಿಲ್ಲ. ಅದಕ್ಕೆ ನಮ್ಮವರು ಆಟದ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದಿಲ್ಲ. ಸೆಖೆಗೆ, ಬೆವರಿಗೆ, ಆ ಭಾರಕ್ಕೆ ತಲೆ ತಿರುಗಿ ಕೂತವರನ್ನು ನಾನು ನೋಡಿದ್ದೇನೆ. ಅತಿಥಿಗಳಿಗೆ ಮಾತ್ರ ಪಕ್ಕದ ಮನೆಯಲ್ಲಿ ವ್ಯವಸ್ಥೆ ಆಗಿತ್ತು. ಎಂದರೆ ವ್ಯವಸ್ಥೆ ಮಾಡಲು ನಿಮಗೆ ಬರುತ್ತದೆ.

ಮುಟ್ಟಿನ ಪ್ರಶ್ನೆಯೂ ಉಂಟು. ಮೇಳಗಳಿಗೆ ಹೆಂಗಸರನ್ನು ಯಾಕೆ ಸೇರಿಸುವುದಿಲ್ಲ ಎಂದು ಕೇಳಿದಾಗಲೆಲ್ಲ ಮೊದಲು ಬರುವ ಉತ್ತರ ಇದೇ: ಚೌಕಿಯಲ್ಲಿ ಮೇಳದ ದೇವರು ಇರುತ್ತಾರೆ, ಪೂಜೆ ಆಗುತ್ತದೆ. ಇದನ್ನು ನಾನು ಹಗುರ ಮಾಡುವುದಿಲ್ಲ. ನಾವೂ ಚೌಕಿಯ ಗಣಪತಿಗೆ ಕೈಮುಗಿದೇ ಗೆಜ್ಜೆ ಮುಟ್ಟುವವರು. ದೇವಿಮಹಾತ್ಮೆಯಲ್ಲಿ ಶ್ರೀದೇವಿ ಉಯ್ಯಾಲೆಯಲ್ಲಿ ಕೂತಾಗ ನನ್ನ ಅಜ್ಜಿ ಎದ್ದು ನಿಂತು ಕೈಮುಗಿಯುತ್ತಿದ್ದರು, ನಾನೂ ಹಾಗೇ. ಆದರೆ ತಿಂಗಳಲ್ಲಿ ನಾಲ್ಕು ದಿನದ ಕಾರಣ ಹೇಳಿ ಒಂದು ಜೀವಮಾನವನ್ನೇ ಹೊರಗಿಟ್ಟದ್ದು ಸರಿಯಾ? ಆ ನಾಲ್ಕು ದಿನ ಏನು ಮಾಡಬೇಕು, ಮಾಡಬಾರದು ಎಂದು ನಮ್ಮ ಹತ್ತಿರ ಕೂತು ಒಂದು ಸಲವಾದರೂ ಯಾರಾದರೂ ಮಾತಾಡಿದ್ದೀರಾ? ನಮ್ಮ ತಂಡದಲ್ಲಿ ಯಾರಿಗೂ ಯಾರೂ ಅಪ್ಪಣೆ ಕೊಡುವುದಿಲ್ಲ. ಒಬ್ಬರು ಅಂದು ವೇಷ ಮಾಡುವುದಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಮಾಡುತ್ತಾರೆ. ಅವರವರ ಭಕ್ತಿ, ಅವರವರ ಮೈ. ಇದುವರೆಗೆ ಒಂದು ಆಟವೂ ನಿಂತಿಲ್ಲ.

ಹೆಂಗಸರಿಗೆ ಊರೂರು ಸುತ್ತುವ ಮೇಳದ ತಿರುಗಾಟ ಆಗದು ಎನ್ನುವವರು ಲೀಲಾವತಿ ಬೈಪಾಡಿತ್ತಾಯರನ್ನು ನೆನಪಿಸಿಕೊಳ್ಳಬೇಕು. ಮದುವೆಯಾದ ಮೇಲೆ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತವರು. ವೃತ್ತಿಮೇಳಗಳಲ್ಲಿ ಜಾಗಟೆ ಹಿಡಿದು ಹಾಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆಗ ಎಲ್ಲರೂ "ಮೊದಲ ಮಹಿಳಾ ಭಾಗವತರು" ಎಂದು ಸ್ಟೇಟಸ್ ಹಾಕಿದೆವು, ನಾನೂ ಹಾಕಿದೆ. ಮೊದಲನೆಯವರು ಸರಿ. ಅವರ ಹಿಂದೆ ಎಷ್ಟು ಜನ ಮೇಳಕ್ಕೆ ಬಂದರು? ಹಾಡುವ ಹೆಣ್ಣುಮಕ್ಕಳು ಈಗ ಇದ್ದಾರೆ, ಬಹಳ ಚಂದ ಹಾಡುತ್ತಾರೆ. ಆದರೆ ಅವರಿಗೆ ಸಿಗುವುದು ಹೆಚ್ಚಾಗಿ ಹಾಡು ಮಾತ್ರದ ಗಾನವೈಭವ, ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆ, ಬಿಡಿ ಕಾರ್ಯಕ್ರಮ. ಪೂರ್ತಿ ತಿರುಗಾಟದಲ್ಲಿ ಇಂಥವರು ನಮ್ಮ ಭಾಗವತರು ಎಂದು ಹೆಣ್ಣುಮಗಳನ್ನು ತೋರಿಸುವ ಮೇಳ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಗಂಡಸರು ಸ್ತ್ರೀವೇಷ ಮಾಡಬಾರದು ಎಂದು ನಾನು ಖಂಡಿತ ಹೇಳುತ್ತಿಲ್ಲ. ಕೋಳ್ಯೂರು ರಾಮಚಂದ್ರ ರಾಯರ, ಪಾತಾಳ ವೆಂಕಟರಮಣ ಭಟ್ಟರ ಹೆಸರು ಕೇಳಿಯೇ ನಾವು ಬೆಳೆದದ್ದು. ಹೆಣ್ಣಿನ ನಡೆ, ನೋಟ, ನಿಲುವು ಎಲ್ಲವನ್ನೂ ಧ್ಯಾನಿಸಿ ಕಟ್ಟಿದ ಪರಂಪರೆ ಅದು, ಅದು ಉಳಿಯಲೇಬೇಕು. ನನಗೆ ಅಂಬೆ ಕಲಿಸಿದ ಮಾಸ್ಟ್ರು ಕೂಡ ಮೇಳದಲ್ಲಿ ಸ್ತ್ರೀವೇಷ ಮಾಡಿದವರೇ. ಅವರು ಒಮ್ಮೆ ಹೇಳಿದ್ದು ನೆನಪುಂಟು. ರಂಗಸ್ಥಳದಲ್ಲಿ ದಮಯಂತಿಯಾಗಿ ಅತ್ತಾಗ ಜನರೂ ಅಳುತ್ತಿದ್ದರಂತೆ, ಬೆಳಿಗ್ಗೆ ಬಸ್ಸಿನಲ್ಲಿ ಅದೇ ಜನ ಕೆಟ್ಟದಾಗಿ ಹಾಸ್ಯ ಮಾಡುತ್ತಿದ್ದರಂತೆ. ನಮ್ಮನ್ನು ಕಿಟಕಿಯಲ್ಲಿ ಇಣುಕಿ ನೋಡಿದವರಿಗೂ, ಅವರನ್ನು ಬಸ್ಸಿನಲ್ಲಿ ಅಣಕಿಸಿದವರಿಗೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಸ್ತ್ರೀವೇಷದ ಹುಡುಗರಿಗೂ ಮರ್ಯಾದೆಯ ಚೌಕಿ ಬೇಕು.

ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಯಕ್ಷಗಾನ ಕಲಿಸುತ್ತದೆ. ಆ ಮಕ್ಕಳ ಪ್ರದರ್ಶನ ನೋಡಿದವರಿಗೆ ಗೊತ್ತು, ಹುಡುಗಿಯರು ಎಷ್ಟು ಗಟ್ಟಿಯಾಗಿ ಧೀಂಗಣ (ಗಿರಕಿ) ಹಾಕುತ್ತಾರೆ ಎಂದು. ರಾಕ್ಷಸರ ಬಣ್ಣದ ವೇಷ ಕಟ್ಟಿ ಅಬ್ಬರಿಸುವ ಹುಡುಗಿಯರಿದ್ದಾರೆ. ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿ ಆಯಿತು, ಆಮೇಲೆ ಅವರು ಎಲ್ಲಿ? ಹುಡುಗನಿಗೆ ಮುಂದೆ ಮೇಳ ಉಂಟು, ತಿರುಗಾಟ ಉಂಟು, ಸಂಬಳ ಉಂಟು. ಹುಡುಗಿಗೆ ಆಲ್ಬಮ್ಮಿನಲ್ಲಿ ಒಂದು ಫೋಟೋ.

ಹಣದ ಬಗ್ಗೆ ಉದ್ದ ಬರೆಯುವುದಿಲ್ಲ. ಅಂದು ನಮ್ಮ ಇಡೀ ತಂಡಕ್ಕೆ 18,000 ರೂಪಾಯಿ ಕೊಟ್ಟರು. ವೇಷಭೂಷಣದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ಟೆಂಪೋ ಬಾಡಿಗೆ ಕೊಟ್ಟ ಮೇಲೆ ನಾವೇ ತಲಾ 200 ಹಾಕಬೇಕಾಯಿತು. "ನಿಮ್ಮದು ಹವ್ಯಾಸ ಅಲ್ವಾ" ಎಂದರು. ಅಕ್ಕ ಆ ದಿನ ಬೀಡಿ ಕಟ್ಟಲಿಲ್ಲ, ಆ ದಿನದ ಮಜೂರಿ ಹೋಯಿತು. ಅದು ಹವ್ಯಾಸದ ಲೆಕ್ಕಕ್ಕೆ ಬರುವುದಿಲ್ಲ.

ಈಗ ನಾನು ಕೇಳುವುದು.

ಸಮಿತಿಯವರೇ, ಆಟಕ್ಕೆ ಕೊಟ್ಟ ಸಮಯ ಆಟಕ್ಕೇ ಬಿಡಿ. ಸಭೆ ಬೇಕಾದರೆ ಆಟಕ್ಕೆ ಮುಂಚೆ ಅರ್ಧ ಗಂಟೆಯಲ್ಲಿ ಮುಗಿಸಿ, ಇಲ್ಲವೇ ಇನ್ನೊಂದು ದಿನ ಇಡಿ. ಅತಿಥಿ ತಡವಾಗಿ ಬಂದರೆ ಅವರ ಭಾಷಣ ಕಡಿಮೆಯಾಗಲಿ, ಪ್ರಸಂಗ ಅಲ್ಲ. ಆಮಂತ್ರಣದಲ್ಲಿ ಪ್ರಸಂಗದ ಹೆಸರು, ಭಾಗವತರ ಹೆಸರು, ಕಲಾವಿದೆಯರ ಹೆಸರು ಹಾಕಿ. ಅರ್ಥದಲ್ಲಿ ಏನಿರಬೇಕು ಎಂಬುದನ್ನು ಭಾಗವತರಿಗೂ ಕಲಾವಿದರಿಗೂ ಬಿಡಿ. ಹಿಡಿಸದಿದ್ದರೆ ಆಟ ಮುಗಿದ ಮೇಲೆ ಬಂದು ಚರ್ಚೆ ಮಾಡಿ, ನಾವು ಓಡಿ ಹೋಗುವುದಿಲ್ಲ.

ಆಟ ನಿಗದಿ ಮಾಡಿ ವೀಳ್ಯ ಕೊಡುವ ಮೊದಲು ಚೌಕಿ ಎಲ್ಲಿ ಎಂದು ತೋರಿಸಿ. ಒಳಗಿನಿಂದ ಚಿಲಕ ಹಾಕುವ ಬಾಗಿಲು, ಮುಚ್ಚಿದ ಕಿಟಕಿ, ಹತ್ತಿರದಲ್ಲಿ ಬೀಗ ತೆಗೆದ ಶೌಚಾಲಯ, ನೀರು, ದೀಪ. ಇದಕ್ಕೆ ಒಂದು ಶಾಮಿಯಾನದಷ್ಟೂ ಖರ್ಚಿಲ್ಲ. ಚೌಕಿಯಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆಯಬಾರದು ಎಂದು ಬೋರ್ಡ್ ಹಾಕಿ, ಅದನ್ನು ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಕಿರುಕುಳ ಆಗದ ಹಾಗೆ 2013ರಲ್ಲಿ ಕಾಯ್ದೆ ಬಂದಿದೆ. 10 ಮತ್ತು ಅದಕ್ಕಿಂತ ಜಾಸ್ತಿ ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಬೇಕು, ಅದಿಲ್ಲದ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೇಳದಲ್ಲಿ 10ಕ್ಕಿಂತ ಜಾಸ್ತಿ ಜನ ಇದ್ದೇ ಇರುತ್ತಾರೆ. ದೂರು ಕೊಡಬೇಕಾದ ಸಮಿತಿಯ ಫೋನ್ ನಂಬರನ್ನು ಚೌಕಿಯ ಗೋಡೆಗೆ ಅಂಟಿಸಿ, ನಮ್ಮ ಹುಡುಗಿಯರಿಗೆ ಯಾರನ್ನು ಕರೆಯಬೇಕು ಎಂದು ಗೊತ್ತಿರಲಿ.

ಮೇಳದ ಯಜಮಾನರೇ, ನಿಮ್ಮ ಹತ್ತಿರ ದೊಡ್ಡ ಬೇಡಿಕೆ. ಬರುವ ತಿರುಗಾಟಕ್ಕೆ ಒಬ್ಬ ಹೆಣ್ಣುಮಗಳನ್ನಾದರೂ ತೆಗೆದುಕೊಳ್ಳಿ. ಹಿಮ್ಮೇಳದಿಂದ ಶುರು ಮಾಡಿದರೂ ಸರಿ. ಈಗ ಹೆಚ್ಚಿನ ಆಟ ಕಾಲಮಿತಿಯದ್ದು, ಬೆಳಗಿನವರೆಗೆ ಹೆಂಗಸರು ಹೇಗೆ ಎಂಬ ಮಾತೂ ಮೊದಲಿನಷ್ಟು ನಿಲ್ಲುವುದಿಲ್ಲ. ಚೌಕಿಯ ದೇವರ ವಿಷಯ ನಮ್ಮನ್ನೂ ಕೂರಿಸಿಕೊಂಡು ಮಾತಾಡಿ. ನಾವು ಬರುತ್ತೇವೆ, ಹಿರಿಯರು ಹೇಳುವುದನ್ನೂ ಕೇಳುತ್ತೇವೆ.

ಕೊನೆಗೆ ಒಂದು ಆಮಂತ್ರಣ. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ನಾವು ಅಕ್ಕನ ಮನೆಯ ಚಾವಡಿಯಲ್ಲಿ ತಾಳಮದ್ದಳೆ ಇಡುತ್ತೇವೆ. ಭೀಷ್ಮ ವಿಜಯವೇ. ಸಭೆ ಇಲ್ಲ, ಸನ್ಮಾನ ಇಲ್ಲ. ಮೈಕ್ ಇಲ್ಲದ ಕಾರಣ 10 ಗಂಟೆಯ ಚಿಂತೆಯೂ ಇಲ್ಲ. ಅಂಬೆ ಭೀಷ್ಮರ ಸಂವಾದಕ್ಕೇ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬಾಲಗೋಪಾಲ ಮಾಡುತ್ತಿದ್ದ ಹುಡುಗಿಯನ್ನೂ ಅವಳ ಅಮ್ಮನನ್ನೂ ಕರೆದಿದ್ದೇನೆ, ಬರುತ್ತೇವೆ ಎಂದು ಇನ್ನೂ ಹೇಳಿಲ್ಲ. ನೀವೂ ಬನ್ನಿ. ಆ ದಿನ ಚೌಕಿಗೆ ಬಂದವರು ಇದನ್ನು ಓದುತ್ತಿದ್ದರೆ ಅವರೂ ಬರಲಿ, ಎದುರಿನ ಚಾಪೆಯಲ್ಲೇ ಕೂರಲಿ. ಚಾಯ, ಗೋಳಿಬಜೆ ನಮ್ಮದು.

ಇತಿ,
ಒಬ್ಬಳು ಹವ್ಯಾಸಿ ಕಲಾವಿದೆ
ಮೂಲ್ಕಿ